ಒಣಹುಲ್ಲಿನ ಹಳದಿ

ಏಕಸಂಬಿಯ ಮಲಕಾರಿಗೆ ನಲವತ್ತಾರು ತುಂಬಿದ್ರೂ ಕುರಿ ಕಾಲ ಹಿಡಿಯೂ ಕೆಲಸ ತಪ್ಪಿರಲಿಲ್ಲ. ಉಣ್ಣಿ ಕತ್ತರಿಸೂ ದಿನ ಸುತ್ತಲಿನ ಕುರುಬರೆಲ್ಲಾ ಕೂಡತಾರ. ಕೈ ಪಳಗಿದವರು ಕತ್ತರಿ ಹಿಡಿತಾರ, ಉಳದವರು ಕಾಲ ಹಿಡಿತಾರ. ಅಪ್ಪ ಭೀಮಸಿ ಒಮ್ಮಿನೂ ಇವನ ಕೈಗೆ ಕತ್ತರಿ ಕೊಟ್ಟಿರಲಿಲ್ಲ. ಕೊಡೂದರ ಹೆಂಗ? ಈ ಮಹಾರಾಯ ಇಪ್ಪತ್ತೆರಡು ವರ್ಷ ಕಾಗಲದ ಕಡೆ ಕಾರಖಾನ್ಯಾಗ ಗಿಯರ್ ಕಾಸಿ ಎಣ್ಣ್ಯಾಗ ಅದ್ದಕೋತ ಕುಂತಾಂವ.

ಈ ವರ್ಷ ಅಪ್ಪನ ಕತ್ತರಿ ಮೆತ್ತಗಾಗಿ ಮೊಂಡಾತು. ಮಲಕಾರಿ ಮೀಸಿ ತಿರುವಿ, ಹದಾ ಹಾಕಿಕೊಡೂದು ತನ್ನ ಜವಾಬ್ದಾರಿ ಅಂದ. ಹದಾ ನೋಡಿಯಾದ್ರೂ ಅಪ್ಪ ಒಂದ ಕುರಿ ತನಗ ಬಿಟ್ಟಾನು ಅನ್ನೂದು ಒಳಗಿನ ಆಸೆ.

ಹಿತ್ತಲದಾಗ ಇದ್ದಲ ಊದಿ ಅಲಗು ಕೆಂಪಗ ಕಾಸಿ, ಶೇಂಗಾ ಎಣ್ಣ್ಯಾಗ ಅದ್ದಿ, ಮ್ಯಾಲಿನ ಮಸಿ ತಿಕ್ಕಿ ಬೆಳ್ಳಗ ಮಾಡಿದ. ಉಕ್ಕು ಬಿರುಸಾತು. ಆದ್ರ ಅದು ಗಾಜಿನಂಥಾ ಬಿರುಸು, ಇನ್ನೊಮ್ಮೆ ಸಣ್ಣ ಕಾವು ಕೊಡದಿದ್ರ ಪಟಕ್ಕನ ಮುರಿತೈತಿ. ಅದಕ್ಕಿಂತ ಮೊದಲ ಸಾಹೇಬ್ರಿಗೆ ಚಾ ಬೇಕಾತು. ಅಂವ ಒಳಗ ಹೋದದ್ದ ತಡ, ಅವ್ವ ಸಾವಕ್ಕ ಬಂದು ಬೀರಪ್ಪನ ಹೆಸರ ಹೇಳಿ ಎರಡೂ ಅಲಗಿಗೆ ದೇವರ ಅರಿಶಿಣ, ಅಂದ್ರ ಭಂಡಾರ, ಸವರಿದಳು. ಅವರ ಮನ್ಯಾಗ ಭಂಡಾರ ಬೀಳದ ಕತ್ತರಿ ಕುರಿ ಮುಟ್ಟೂದಿಲ್ಲ. ಎಣ್ಣಿ ಪಸೀಗೆ ಅದು ಗಟ್ಟ್ಯಾಗಿ ಅಂಟಿಕೊಂತು.

ಮಲಕಾರಿ ಬಂದು ಅಲಗು ನೋಡದನ ರೊಟ್ಟಿ ಹಂಚಿನ ಮ್ಯಾಲ ಇಟ್ಟು, ಹೆಂಡತಿ ಮನಿಷಾಗ ಪಾಠ ಸುರು ಮಾಡಿದ. ಕೆಂಪಗ ಕಾಸಿ ಗಪ್ಪನ ತಣಿಸಿದ್ರ ಉಕ್ಕಿನಾಗಿನ ಇಂಗಾಲ ಹೊರಬೀಳಾಕ ಆಗದ ಸಿಕ್ಕೊಂತೈತಿ, ಸಣ್ಣ ಹಟ್ಟ್ಯಾಗ ನೂರು ಕುರಿ ತುರುಕಿದಂಗ. ಸಣ್ಣ ಕಾವು ಕೊಟ್ರ ಅದು ಮೆಲ್ಲಕ ಸರದು, ಕಬ್ಬಿಣದ ಕೂಡ ಸೇರಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಾಳಾಗಿ ಅಲ್ಲಲ್ಲೇ ಕೂಡತೈತಿ. ಅದಕ್ಕ ಕಾರ್ಬೈಡ್ ಅಂತಾರ. ಒಳಗಿನ ಬಿಗುವು ಇಳದು ಅಲಗು ತಾಳಿಕಿಗೆ ಬರತೈತಿ. ಕಾವು ಸಾಕಾತು ಅನ್ನಾಕ ಮ್ಯಾಲಿನ ಗುರ್ತ ಒಂದ: ಉಕ್ಕಿನ ಮ್ಯಾಲ ತಾನ ಮೂಡೂ ಒಣಹುಲ್ಲಿನ ಹಳದಿ ಬಣ್ಣ. ಇಷ್ಟ ಹೇಳಿ ಹೊಳ್ಳಿ ನೋಡ್ತಾನ, ಅಲಗು ಹಳದಿ ಆಗೇತಿ. ಎರಡ ನಿಮಿಷಾನೂ ಆಗಿರಲಿಲ್ಲ. ಇಷ್ಟ ಲಗೂನ ಏನ್ರಿ ಅಂತ ಮನಿಷಾ ಕೇಳಿದ್ಲು. ಅನುಭವ ಅಂದ್ರ ಇದ ನೋಡು ಅಂತ ಇಳಿಸಿದ.

ಮರುದಿನ ಹನ್ನೆರಡು ಮಂದಿ ಮುಂದ ಭೀಮಸಿ ಮೊದಲನೇ ಕುರಿಗೆ ಕತ್ತರಿ ಹಚ್ಚಿದ. ನಾಕ ಏಟಿಗೆ ಒಂದ ಅಲಗಿನ ತುದಿ ಕಟ್ ಅಂತ ಹಾರಿತು. ಮಲಕಾರಿ ತುಂಡು ತಗೊಂಡು ಒರಸಿದ. ಹೆಬ್ಬಟ್ಟಿಗೆ ಅರಿಶಿಣ ಬಂತು, ಕೆಳಗ ಉಕ್ಕು ಬೆಳ್ಳಗ ಇತ್ತು. ದೂರ ನಿಂತ ಸಾವಕ್ಕನ ಮಾರಿ ಸಣ್ಣದಾತು.

ಕಾರಖಾನ್ಯಾಗ ಏನ ಕೆಟ್ರೂ "ಮಾಲ ಸರಿ ಇರಲಿಲ್ಲ" ಅಂತ ಬರದು ಕೈ ತೊಳಕೊಂಡ ಕಲಾವಂತ ಅಂವ. ಇವತ್ತೂ ಆ ಮಾತು ನಾಲಿಗಿ ತುದಿಗೆ ಬಂದಿತ್ತು, ನಾಚಿಕಿ ಆಗಿ ನುಂಗಿದ.

"ಯಪ್ಪಾ, ಉಕ್ಕಿಂದೇನೂ ತಪ್ಪಿಲ್ಲ, ಅವ್ವಂದೂ ಇಲ್ಲ. ಅರಿಶಿಣ ನೋಡಿ ಹದಾ ಬಂತು ಅಂದ್ನಿ. ಒರಸಿ ನೋಡೂದು ನನ್ನ ಕೆಲಸ ಇತ್ತು."

ಮಂದಿ ಹೊಟ್ಟಿ ಹಿಡಕೊಂಡು ನಕ್ರು. ಇಂಜಿನೇರ ಸಾಹೇಬ್ರು ಅರಿಶಿಣ ಕಾರಖಾನಿ ತಗೀಲಿ ಅಂತ ಜಕ್ಕಪ್ಪ ಕಾಕಾ ಚುಡಾಯಿಸಿದ. ಮಲಕಾರಿಗೂ ನಗು ಬಂತು. ಭೀಮಸಿ ಮಾತ್ರ ನಗಲಿಲ್ಲ, ಕತ್ತರಿ ಮಗನ ಕಡೆ ಚಾಚಿದ.

ಮಲಕಾರಿ ಅಲಗು ಬೆಳ್ಳಗ ತಿಕ್ಕಿ ಮತ್ತ ಹಂಚಿಗೆ ಇಟ್ಟ. ಈ ಸಲ ಪಾಠ ಇಲ್ಲ, ಚಾ ಇಲ್ಲ. ಖರೇ ಹಳದಿ ಮೂಡಿದ ಮ್ಯಾಲೂ ಸಣ್ಣ ಉರಿ ಕಾಯಕೋತ ಒಂದ ತಾಸು ಕುಂತ. ಆಮ್ಯಾಲ ಎರಡೂ ಅಲಗು ಸಮಾ ಆಗೂಹಂಗ ಸಾಣಿ ಹಿಡದು ತಂದ. ಕತ್ತರಿ ಎರಡ ಬೆರಳ ಗಿಡ್ಡ ಆಗಿತ್ತು.

ಭೀಮಸಿ ಅದರಾಗ ಒಂದ ಕುರಿ ಪೂರಾ ಕತ್ತರಿಸಿದ, ಅಲಗಿನ ಮ್ಯಾಲ ಹೆಬ್ಬಟ್ಟು ಆಡಿಸಿದ. ಇನ್ನೊಂದ ಕುರಿ ಕೆಡವಿ, ಕತ್ತರಿ ಮಗನ ಕೈಗೆ ಕೊಟ್ಟು, ತಾನ ಕಾಲ ಹಿಡಕೊಂಡು ಕುಂತ.

"ತೊಗಲ ಕೊಯ್ದ್ರ ಹೇಳು, ಮುಚ್ಚಬ್ಯಾಡ."

ಮಲಕಾರಿ ಮೂರ ಕಡೆ ಕೊಯ್ದ, ಮೂರೂ ಸಲ ಹೇಳಿದ. ಅಪ್ಪ ಕಾಲ ಬಿಡಲಿಲ್ಲ.