ಆ ವಾರದ ಪತ್ರಿಕೆ

ಚಳ್ಳಕೆರೆಯಲ್ಲಿ ಮೇಷ್ಟರಾಗಿದ್ದಾಗ ನನಗೊಂದು ಹುಚ್ಚು ಹಿಡಿದಿತ್ತು. ನಮ್ಮ ಸೀಮೆಯಲ್ಲಿ ಹರಿಗೋಲು ಕಟ್ಟುವ ಕೆಲಸ ಹೇಗೆ ಶುರುವಾಯಿತೆಂದು ಬರೆದಿಡಬೇಕು. ಬಿದಿರು ಹೆಣೆದು, ತೊಗಲು ಹೊಲಿದು, ಹೊಲಿಗೆಗೆ ರಾಳ ಬಳಿಯಬಲ್ಲವರು ಆಗಲೇ ತೀರಿಹೋಗಿದ್ದರು. ಉಳಿದದ್ದು ಎಣ್ಣೆ ವ್ಯಾಪಾರದ ಸಾಹುಕಾರರ ಅಟ್ಟದಲ್ಲಿದ್ದ ಹಳೆಯ ವಾರಪತ್ರಿಕೆಗಳು.

"ನೀರಿಲ್ಲದ ಊರಾಗೆ ಹರಿಗೋಲಿನ ಚರಿತ್ರೆ! ಭಲೇ ಮೇಷ್ಟ್ರೇ!" ಎಂದು ಸಾಹುಕಾರರು ನಕ್ಕರು.

ನನಗೆ ನಗು ಬರಲಿಲ್ಲ. ನಿಜಕ್ಕೂ ನನಗೆ ಬೇಕಿದ್ದದ್ದು ಒಂದೇ ಸುದ್ದಿ. ಮೊದಲು ನಾವು ಇಲ್ಲೇ ಹತ್ತಿರದ ಹೊಳೆದಂಡೆಯ ಹಳ್ಳಿಯಲ್ಲಿದ್ದೆವು. ನಾನು ತೊಟ್ಟಿಲಲ್ಲಿದ್ದಾಗ ಅಪ್ಪ ಕಟ್ಟಿದ ಹರಿಗೋಲು ವೇದಾವತಿಯ ಪ್ರವಾಹದಲ್ಲಿ ಮುಳುಗಿತ್ತು. ಅಪ್ಪನೂ ಹೋದ, ಜೊತೆಗೆ ಇನ್ನೂ ಕೆಲವರು. ಜನ ಹೆಚ್ಚಾಗಿದ್ದರೋ, ಹೊಲಿಗೆ ಬಿಟ್ಟಿತೋ? ಊರವರು ಹೊಲಿಗೆಯೇ ಎಂದು ತೀರ್ಮಾನಿಸಿಬಿಟ್ಟರು. ಆ ಮಾತು ತಾಳಲಾರದೆ ಅವ್ವ ನನ್ನನ್ನೆತ್ತಿಕೊಂಡು ಮೊಳಕಾಲ್ಮೂರಿನ ತವರು ಸೇರಿದಳು.

ರಜೆಯ ಮಧ್ಯಾಹ್ನಗಳೆಲ್ಲ ಆ ಅಟ್ಟದಲ್ಲೇ ಕಳೆದವು. ತೊಗಲಿನ ರೋಮದ ಮಗ್ಗುಲು ಒಳಗಿರಬೇಕೋ ಹೊರಗಿರಬೇಕೋ ಎಂದು ಇಬ್ಬರು ಓದುಗರು ಕಾಗದ ಬರೆದು ಕಿತ್ತಾಡಿದ್ದು ಸಿಕ್ಕಿತು. ತೋರಿಸಿ ನಗೋಣವೆಂದರೆ ಒಂದು ನರಪಿಳ್ಳೆಯೂ ಇಲ್ಲ. ಇಂಥ ಒಂಟಿತನ ಯಾವ ಶತ್ರುವಿಗೂ ಬೇಡ. ಕೊನೆಗೆ ಪ್ರವಾಹದ ತಿಂಗಳ ಕಟ್ಟು ಬಿಚ್ಚಿದೆ. ಆ ವಾರದ್ದೇ ಇಲ್ಲ! ಕೆಳಗಿಳಿದು ಕೇಳಿದೆ.

"ಅದನ್ನ ನಮ್ಮಪ್ಪಾರು ಆವತ್ತೇ ನಿಮ್ಮವ್ವಗೆ ಕೊಟ್ಟಿದ್ರಲ್ರೀ, ನಿನ್ ಗಂಡನ ವಿಷ್ಯ ಐತಮ್ಮ ಅಂತ," ಎಂದರು ಸಾಹುಕಾರರು.

ಮೊಳಕಾಲ್ಮೂರಿಗೆ ಗಾಡಿ ಹತ್ತಿದೆ. ಅಟ್ಟದಲ್ಲಿ ಹುಡುಕಿದ್ದನ್ನೆಲ್ಲ ಹೇಳಿ, ಆ ಪತ್ರಿಕೆ ಎಲ್ಲಿ ಎಂದು ಕೇಳಿದ್ದಕ್ಕೆ ಅವ್ವ ಒಳಗಿನಿಂದ ಹಳೆಯ ಮೊರವೊಂದನ್ನು ತಂದಳು. ಅದರಲ್ಲಿ ಅವಳು ಕಾಳು ಕೇರಿದ್ದನ್ನು ನಾನೆಂದೂ ಕಂಡವನಲ್ಲ.

"ಇದ್ರಾಗೈತೆ ಕಣಪ್ಪ. ನನಗೆ ಓದಾಕೆ ಬರಲ್ಲ, ಯಾರನ್ನಾರ ಓದ್ರಪ್ಪ ಅನ್ನಾಕೆ ಭಯ. ಬಿಸಾಕಾಕೂ ಮನಸ್ಸು ಬರ್ಲಿಲ್ಲ. ನೆನೆಹಾಕಿ, ಮೆಂತ್ಯದ ಜೊತಿ ರುಬ್ಬಿ ಮೊರಕ್ಕೆ ಮೆತ್ತಿಬಿಟ್ಟೆ."

ನಮ್ಮ ಕಡೆ ಹೆಂಗಸರು ಮೊರದ ಸಂದು ಮುಚ್ಚುವುದು ಹಾಗೆಯೇ. ಆದರೂ ನನಗೆ ಸಿಟ್ಟು ನೆತ್ತಿಗೇರಿತು. "ಅಯ್ಯೋ, ಎಂಥಾ ಕೆಲಸ ಮಾಡ್ದೆ ಅವ್ವಾ!" ಎಂದು ಕೂಗಿದೆ.

ಅವಳು ಮೊರವನ್ನು ಎದೆಗೊತ್ತಿಕೊಂಡು ಕೇಳಿದಳು: "ಬ್ಯಾರೆ ಪತ್ರಿಕ್ಯಾಗೆ ಏನಾರ ಸಿಕ್ತಾ? ಹೊಲಿಗೆದೇ ತಪ್ಪಂತಾ?"

ಅವಳ ಮುಖ ನೋಡಿ ಸುಳ್ಳು ತಾನಾಗಿ ಬಾಯಿಗೆ ಬಂತು. "ಸಿಕ್ತವ್ವಾ. ಜನ ಜಾಸ್ತಿ ಹತ್ತಿದ್ರಂತೆ. ಹೊಲಿಗೆ ಗಟ್ಟಿ ಇತ್ತಂತೆ."

ಅವ್ವ ಸೆರಗನ್ನು ಬಾಯಿಗೊತ್ತಿಕೊಂಡು ಗೊಳೋ ಎಂದು ಅತ್ತಳು. ಆಮೇಲೆ ಮೆಲ್ಲಗೆ ಹೇಳಿದಳು:

"ನಿಮ್ಮಪ್ಪಂಗೆ ಕೈ ಹುಣ್ಣಾಗಿತ್ತು. ಆ ಸಲ ಹೊಲಿಗೆ ಹಾಕ್ದೋಳು ನಾನು ಕಣಪ್ಪ."