ಖಂಡೆ ಪೂಜೆಯಲ್ಲಿ ತೊಯ್ದ ಕಾರು

ಶೋಕೇಸು ಇಟ್ಟುಕೊಂಡವರನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಗದಗ ಹೊಸದಾಗಿ ಜಿಲ್ಲೆಯಾದ ಆ ವರ್ಷಗಳಲ್ಲಿ, ರಿಮೋಟಿನಿಂದ ಓಡುವ ಹಳೆಯ ಪುಟ್ಟ ಮಾದರಿ ಕಾರುಗಳನ್ನು ಹುಡುಕಿಕೊಂಡು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ಬಸ್ಸು ಹತ್ತಿ ಅಲೆಯುತ್ತಿದ್ದೆ. ಯಾರೋ ಸೌದಿಯಿಂದ ತಂದುಕೊಟ್ಟ ಒಳ್ಳೆಯ ಕಾರನ್ನು ಒಂದೇ ದಿನ ಓಡಿಸಿ, ಸೆಲ್ಲು ತೆಗೆಯದೆ, ಗಾಜಿನ ಹಿಂದೆ ಪ್ಲಾಸ್ಟಿಕ್ ಗುಲಾಬಿಯ ಪಕ್ಕ ಹದಿನೈದು ವರ್ಷ ಕೂರಿಸಿರುತ್ತಿದ್ದರು. ಸೆಲ್ಲು ಸೋರಿ ಒಳಗಿನ ತಗಡು, ತಂತಿ ಎಲ್ಲ ಹಸಿರುಗಟ್ಟಿರುತ್ತಿತ್ತು. "ಭಾಳ ಜ್ವಾಕಿಲೆ ಇಟ್ಟೇವ್ರಿ," ಎಂದು ಬೇರೆ ಹೇಳುವರು.

ಲಕ್ಷ್ಮೇಶ್ವರದ ಬಟ್ಟೆ ವ್ಯಾಪಾರಿಯೊಬ್ಬರ ಮನೆಯಿಂದ ತಂದ ಕೆಂಪು ಕಾರೂ ಅಂಥದ್ದೇ. ಅದಕ್ಕೆ ಎರಡು ವರ್ಷ ಸವೆಸಿದೆ. ಕಿಲುಬಿಗೆ ಲಿಂಬೆ ರಸ ಹಚ್ಚಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಹಲ್ಲು ಮುರಿದ ಒಂದು ಗೇರಿಗಾಗಿ ಬೇರೆ ಮೂರು ಸತ್ತ ಕಾರುಗಳನ್ನು ಬಿಚ್ಚಿದೆ. ನೋಡಲು ಬಂದವರದು ಒಂದೇ ಪ್ರಶ್ನೆ: "ಇದರಾಗ ಕುಂದ್ರಾಕ ಬರೂದಿಲ್ಲಲ್ಲ, ಮತ್ತ್ಯಾಕ?" ಇಂಥವರಿಗೆ ಉತ್ತರ ಕೊಟ್ಟು ಬಾಯಿ ನೋಯಿಸಿಕೊಳ್ಳುವುದನ್ನು ನಾನು ಎಂದೋ ಬಿಟ್ಟಿದ್ದೆ.

ಅಪ್ಪನ ಮಾತು ಮಾತ್ರ ಚುಚ್ಚುತ್ತಿತ್ತು. ಬೆಟಗೇರಿಯಲ್ಲಿ ಅವನದು ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು. ಹೊಂಬಳದ ಕಡೆಯ ರೈತರು ಬೇರೆಯವರ ಕೈಗೆ ಗಾಡಿ ಕೊಡುತ್ತಿರಲಿಲ್ಲ. ನನ್ನ ಮೇಜಿನ ಹತ್ತಿರ ಬಂದಾಗಲೆಲ್ಲ "ಆಟಗಿ ಸಾಮಾನು" ಎಂದು ಹೋಗುತ್ತಿದ್ದ. ಊರೆಲ್ಲ ನಕ್ಕರೂ ನನಗೇನೂ ಅನ್ನಿಸುತ್ತಿರಲಿಲ್ಲ. ಅವನೊಬ್ಬ ಇದನ್ನು ಗಾಡಿ ಎಂದು ಒಪ್ಪಬೇಕಿತ್ತು, ಅಷ್ಟೇ.

ಕೊನೆಗೆ ಕಾರು ಓಡಿತು. ಅಂಗಳದಲ್ಲಿ ಎರಡು ಸುತ್ತು ಹೊಡೆಸಿದೆ. ಅಪ್ಪ ಗೇರಿನ ಸದ್ದಿಗೆ ಕಿವಿಗೊಟ್ಟು ನಿಂತಿದ್ದ.

ಅದಾಗಿ ನಾಲ್ಕು ದಿನಕ್ಕೆ ಮಹಾನವಮಿಯ ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ನಮ್ಮಲ್ಲಿ ಅಂದು ಗಾಲಿ ಇದ್ದದ್ದಕ್ಕೆಲ್ಲ ಸ್ನಾನ. ನಾನು ಪೇಟೆಯಿಂದ ಚೆಂಡು ಹೂ ತರುವಷ್ಟರಲ್ಲಿ ನನ್ನ ಕಾರು ಸ್ಕೂಟರಿನ ಪಕ್ಕ ಸಾಲಿನಲ್ಲಿ ನಿಂತಿತ್ತು. ಅಪ್ಪ ಎರಡು ಬಕೆಟ್ ನೀರು ಸುರಿದಾಗಿತ್ತು. ಮೈಮೇಲೆ ವಿಭೂತಿ, ಕುಂಕುಮ. ಪುಟ್ಟ ಗಾಲಿಯ ಕೆಳಗೆ, ಆರಿಸಿ ತಂದಂತೆ, ಪುಟ್ಟದೊಂದು ಲಿಂಬೆಹಣ್ಣು. ರಿಮೋಟು ಒತ್ತಿದೆ. ಕಾರು ಅಲುಗಲಿಲ್ಲ.

ನನ್ನ ತಲೆ ಕೆಟ್ಟಿತು. "ಅಪ್ಪಾ, ನಿನಗ ಬುದ್ಧಿ ಐತೇನು? ನೀರು ಸುರವಾಕ ಇದೇನು ಟ್ರ್ಯಾಕ್ಟರಾ? ಆಟಗಿ ಸಾಮಾನು ಇದು," ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಅಪ್ಪ ಕೈಯಲ್ಲಿದ್ದ ಊದುಬತ್ತಿಯನ್ನು ಸ್ಕೂಟರಿಗೆ ಬೆಳಗಿ ಒಳಗೆ ಹೋದ. ಬಿಚ್ಚಿ ನೋಡಿದರೆ, ಸೆಲ್ಲು ಒಳಗೇ ಇದ್ದುದರಿಂದ ನೀರು ಬಿದ್ದೊಡನೆ ರಿಮೋಟಿನ ಸಂಕೇತ ಹಿಡಿಯುವ ರಿಸೀವರ್ ಸುಟ್ಟಿತ್ತು. ತೆಗೆದಿಡದೆ ಬಿಟ್ಟವನು ನಾನು, ಊರಿನ ಶೋಕೇಸುಗಳನ್ನೆಲ್ಲ ಬೈದುಕೊಂಡು ತಿರುಗಿದ ಮಹಾನುಭಾವ.

ಇನ್ನೊಂದು ರಿಸೀವರ್ ಸಿಗಲು ತಿಂಗಳುಗಟ್ಟಲೆ ಹಿಡಿಯಿತು. ಮರುವರ್ಷದ ಖಂಡೆ ಪೂಜೆಗೆ ನಾನೇ ಸೆಲ್ಲು ತೆಗೆದು, ಒರೆಸಿ, ಕಾರನ್ನು ಸ್ಕೂಟರಿನ ಪಕ್ಕ ಇಟ್ಟೆ. ಅಪ್ಪ ಕುಂಕುಮದ ಬಟ್ಟಲು ಹಿಡಿದು ಬಂದ. ಸೈಕಲ್ಲಿಗೆ ಹಚ್ಚಿದ, ಸ್ಕೂಟರಿಗೆ ಹಚ್ಚಿದ. ನನ್ನ ಕಾರಿನ ಹತ್ತಿರ ಬಂದು ನಿಂತ.

"ಇದನ್ನ ಒಳಗ ಇಡಪಾ," ಎಂದ, ಮೆಲ್ಲಗೆ. "ಆಟಗಿ ಸಾಮಾನು. ಯಾರರೆ ತುಳದಾರು."