ಗೋಡೆಯ ಮೇಲಿನ ಪ್ರೊಪೆಲರ್ ರೆಕ್ಕೆ

ಹೆತ್ತೂರಿನ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಅದರ ಊಟದ ಕೋಣೆಗೆಂದು ನನ್ನ ಗಂಡ ಬೆಂಗಳೂರಿನ ಗುಜರಿ ಅಂಗಡಿಯಿಂದ ಹಳೆಯ ವಿಮಾನದ ಪ್ರೊಪೆಲರ್ ರೆಕ್ಕೆಯೊಂದನ್ನು ತಂದಿದ್ದರು. ಆಳೆತ್ತರದ ಅಲ್ಯೂಮಿನಿಯಂ ರೆಕ್ಕೆ. ತುದಿಯಲ್ಲಿ ಚೂರು ಬಾಗಿತ್ತು. ಆ ಬಾಗು ನನಗೆ ಬಹಳ ಹಿಡಿಸಿತ್ತು. ವಾರಕ್ಕೊಮ್ಮೆ ಪಾಲಿಷ್ ಹಾಕಿ ಉಜ್ಜುತ್ತಿದ್ದೆ. ಬಂದವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಹೋದ ವರ್ಷ ನನ್ನ ಗಂಡನ ದೊಡ್ಡಪ್ಪ ಮೊಮ್ಮಗಳ ಮದುವೆಗೆ ಕರೆಯಲು ಮಗ್ಗೆಯಿಂದ ಬಂದರು. ಎಂಬತ್ತು ದಾಟಿದವರು. ಹರೆಯದಲ್ಲಿ ಯಾವುದೋ ವಿಮಾನ ನಿಲ್ದಾಣದಲ್ಲಿದ್ದರು, ಅರ್ಧಕ್ಕೇ ಬಿಟ್ಟು ಬಂದು ಗದ್ದೆ ನೋಡಿಕೊಂಡರು ಎಂದಷ್ಟೇ ನಮಗೆ ಗೊತ್ತಿತ್ತು. ಸಾಮಾನು ಹೊರುವ ಕೆಲಸವಿರಬೇಕೆಂದು ನಾನು ಅಂದುಕೊಂಡಿದ್ದೆ.

ಊಟಕ್ಕೆ ಕೈ ತೊಳೆದು ತಿರುಗಿದವರು ಅಲ್ಲೇ ನಿಂತುಬಿಟ್ಟರು. ಒದ್ದೆ ಕೈಯಲ್ಲೇ ಗೋಡೆಯ ಹತ್ತಿರ ಹೋಗಿ ರೆಕ್ಕೆಯ ತುದಿಯನ್ನು ಸವರಿದರು.

"ಇದುನ್ನ ಉಣ್ಣೋ ಜಾಗದಲ್ಲಿ ಯಾಕವ್ವ ಹಾಕಿದ್ದೀಯ?"

ಚೆಂದ ಕಾಣುತ್ತದೆಂದು ಹಾಕಿದ್ದು, ಆ ಬಾಗು ನೋಡಿ ಎಂದೆ.

"ಈ ಬಾಗು ಮಾಡಿದ್ದಲ್ಲ ಕಣವ್ವ. ಜೋರಾಗಿ ತಿರುಗ್ತಾ ಇದ್ದಾಗ್ಲೇ ನೆಲಕ್ಕೆ ಹೊಡ್ದೈತೆ."

ಕೈಯಲ್ಲಿದ್ದ ರೊಟ್ಟಿ ತಟ್ಟೆಯನ್ನು ಮೇಜಿನ ಮೇಲಿಟ್ಟೆ. ಎರಡು ವರ್ಷ ಅದರ ಕೆಳಗೆ ಜನಕ್ಕೆ ಬಡಿಸಿದ್ದೆ.

ಅವರು ಟಾರ್ಚ್ ಕೇಳಿದರು. ಬುಡದ ಹತ್ತಿರ ಬಗ್ಗಿ, ಕೊರೆದಿದ್ದ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿದರು. ಆಮೇಲೆ "ಅದಲ್ಲ" ಎಂದು ಕುರ್ಚಿಯಲ್ಲಿ ಕುಸಿದರು.

ಏನು ಅಲ್ಲ ಎಂದು ನನ್ನ ಗಂಡ ಕೇಳಿದಾಗ ಮಾತು ಶುರುವಾಯಿತು. ಅವರು ವಿಮಾನದ ಮೆಕ್ಯಾನಿಕ್ ಆಗಿದ್ದರಂತೆ. ಮೊದಲು ಡಕೋಟಾ ಮೇಲೆ ಕೆಲಸ. ಎರಡನೇ ಮಹಾಯುದ್ಧದಲ್ಲಿ ಸರಕು, ಸೈನಿಕರನ್ನು ಹೊತ್ತು, ಮುಗಿದ ಮೇಲೆ ಸೀಟು ಹಾಕಿಸಿಕೊಂಡು ಜನರನ್ನು ಒಯ್ದ ವಿಮಾನ ಅದು. ಮೋಡದ ಮೇಲಕ್ಕೆ ಏರಲಾರದೆ ಮಳೆಗಾಲದಲ್ಲಿ ಕುಲುಕಿ ಕುಲುಕಿ ಜನರನ್ನು ವಾಂತಿ ಮಾಡಿಸುತ್ತಿತ್ತಂತೆ. ಆಮೇಲೆ ಅದರ ಜಾಗಕ್ಕೆ ಫ್ರೆಂಡ್‌ಶಿಪ್ ಎಂಬ ಹೊಸ ವಿಮಾನ ಬಂತು. ಅದಕ್ಕೂ ಎರಡೇ ಇಂಜಿನ್, ಆದರೆ ಎತ್ತರದಲ್ಲೂ ಒಳಗೆ ಉಸಿರಾಟಕ್ಕೆ ತೊಂದರೆಯಿಲ್ಲ. ಒಂದು ಇಂಜಿನ್ ಕೆಟ್ಟರೆ ಅದರ ಪ್ರೊಪೆಲರ್ ರೆಕ್ಕೆಗಳನ್ನು ಗಾಳಿಗೆ ಅಂಚು ಕೊಟ್ಟು ನಿಲ್ಲಿಸಿ, ಇನ್ನೊಂದರಲ್ಲೇ ಊರು ಮುಟ್ಟಬಹುದು. ಅಂಗೈಯನ್ನು ಓರೆ ಮಾಡಿ ತೋರಿಸುವಾಗ ಅವರ ಮುಖದಲ್ಲಿ ಹೆಮ್ಮೆಯಿತ್ತು.

ಒಂದು ಬೆಳಿಗ್ಗೆ ಅಂಥ ವಿಮಾನವೊಂದು ಇಳಿಯುತ್ತಿದ್ದಂತೆ ಒಂದು ಬದಿಯ ಚಕ್ರದ ಕಾಲು ಮಡಚಿಕೊಂಡಿತು. ಪ್ರೊಪೆಲರ್ ನೆಲಕ್ಕೆ ಬಡಿದು, ಅದರ ಒಂದು ರೆಕ್ಕೆಯ ಚೂರು ಮುರಿದು, ವಿಮಾನದ ಗೋಡೆಯನ್ನು ಸೀಳಿಕೊಂಡು ಒಳಗೆ ನುಗ್ಗಿತು. ಕಿಟಕಿಯ ಪಕ್ಕ ಕೂತಿದ್ದ ಹೆಂಗಸು ಅಲ್ಲೇ ತೀರಿಹೋದರು. ಉಳಿದವರೆಲ್ಲ ಮೆಟ್ಟಿಲಿಳಿದು ನಡೆದುಕೊಂಡೇ ಹೊರಬಂದರು.

"ಹಿಂದಿನ ದಿನ ಆ ಕಾಲು ನೋಡಿ ಸರಿ ಐತೆ ಅಂತ ಸೈನ್ ಹಾಕಿದ್ದು ನಾನೇ ಕಣವ್ವ."

ಲೋಹದೊಳಗಿನ ಬಿರುಕು ಕಣ್ಣಿಗೆ ಕಾಣುವಂಥದ್ದಲ್ಲ, ನಿಮ್ಮ ತಪ್ಪಿಲ್ಲ ಎಂದು ವಿಚಾರಣೆ ಮಾಡಿದವರು ಬರೆದುಕೊಟ್ಟರಂತೆ. ಆದರೂ ಮತ್ತೆ ಸ್ಪ್ಯಾನರ್ ಹಿಡಿಯಲು ಆಗಲಿಲ್ಲ. ಆ ಪ್ರೊಪೆಲರ್‌ನ ಒಂದೊಂದು ರೆಕ್ಕೆಯ ನಂಬರೂ ಇವತ್ತಿಗೂ ಬಾಯಲ್ಲಿತ್ತು; ನಮ್ಮ ಗೋಡೆಯದು ಅವುಗಳಲ್ಲಿ ಒಂದಲ್ಲ.

ಅವರು ಮಜ್ಜಿಗೆ ಮಾತ್ರ ಕುಡಿದು ಬಸ್ಸು ಹತ್ತಿದರು. ಸಂಜೆಯೊಳಗೆ ನಾವಿಬ್ಬರೂ ಸೇರಿ ರೆಕ್ಕೆಯನ್ನು ಇಳಿಸಿ, ಗೋಣಿಚೀಲದಲ್ಲಿ ಸುತ್ತಿ ಸ್ಟೋರಿಗೆ ಸಾಗಿಸಿದೆವು. ನಮ್ಮದು ಯಾವ ವಿಮಾನದ್ದು, ಅದರಲ್ಲಿ ಯಾರಿದ್ದರು ಎಂದು ಗುಜರಿಯವನಿಗೆ ಫೋನ್ ಮಾಡಿದರೆ, ಅವನಿಗೆ ಏನೂ ಗೊತ್ತಿರಲಿಲ್ಲ.

ಮದುವೆಯ ದಿನ ದೊಡ್ಡಮ್ಮ ನನ್ನನ್ನು ಅಡುಗೆಮನೆಯ ಹಿಂದಕ್ಕೆ ಕರೆದರು.

"ನಿಮ್ಮನೇಲಿ ಅವ್ರಿಗೆ ಏನಾಯ್ತವ್ವ? ಬಂದೋರು ಎರಡು ದಿನ ಸರಿಯಾಗಿ ಉಣ್ಣಲೇ ಇಲ್ಲ."

ಗದ್ದೆ ನೋಡುವವರಿಲ್ಲವೆಂದು ಕೆಲಸ ಬಿಟ್ಟು ಬಂದರು ಎಂದೇ ದೊಡ್ಡಮ್ಮ ಇಷ್ಟು ವರ್ಷ ನಂಬಿದ್ದರು. ಇಡೀ ಬದುಕು ಜೊತೆಗೆ ಕಳೆದವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಅವರ ಕೈ ಹಿಡಿದು ಅಲ್ಲಿದ್ದ ಕಟ್ಟೆಯ ಮೇಲೆ ಕೂರಿಸಿದೆ. ಅವರನ್ನೇ ಕೇಳಿ ದೊಡ್ಡಮ್ಮ, ಈ ಸಲ ಹೇಳುತ್ತಾರೆ ಎಂದೆ.

ಹದಿನೈದು ದಿನದ ಮೇಲೆ ದೊಡ್ಡಮ್ಮ ಫೋನ್ ಮಾಡಿದರು. ದೊಡ್ಡಪ್ಪ ಎಲ್ಲ ಹೇಳಿದರು ಎಂದಷ್ಟೇ ಅಂದರು, ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ.